ಲೋಭಿಯ ಉಪವಾಸ, ಭೋಗಿಯ ಪಾರಣೆ

ಅಂಗದೇಶದ ಚಂಪಾಪುರವು ಹನ್ನೆರಡನೆಯ ತೀರ್ಥಂಕರರಾದ ಶ್ರೀ ವಾಸುಪೂಜ್ಯ ಸ್ವಾಮಿಯ ಪಂಚಕಲ್ಯಾಣಗಳಿಂದ ಪುನೀತವಾದ ಕ್ಷೇತ್ರ. ಗರ್ಭಾವತರಣದಿಂದ ಮೋಕ್ಷದವರೆಗಿನ ಐದು ಕಲ್ಯಾಣಗಳೂ ಒಂದೇ ನಗರದ ಆಸುಪಾಸಿನಲ್ಲಿ ನಡೆದುದು ಇಪ್ಪತ್ತನಾಲ್ವರು ಜಿನೇಶ್ವರರಲ್ಲಿ ಇವರೊಬ್ಬರದೇ. ವೈರಾಗ್ಯದ ಗಾಳಿ ಇಷ್ಟು ಬೀಸಿದ ಊರಿನಲ್ಲಿಯೇ ಜೈನ ಕಥಾಸಾಹಿತ್ಯವು ಇಬ್ಬರು ವರ್ತಕರನ್ನು ತಂದು ನಿಲ್ಲಿಸಿದೆ. ಒಬ್ಬನು ಕಾಸು ಬಿಚ್ಚದೆ ಕೆಟ್ಟವನು. ಇನ್ನೊಬ್ಬನು ಬಿಚ್ಚಿ ಬಿಚ್ಚಿ ಕೆಟ್ಟವನು. ವ್ರತೋಪವಾಸಗಳನ್ನು ಆಚರಿಸುವ ಶ್ರಾವಕನು ಈ ಇಬ್ಬರ ಚರಿತ್ರೆಯನ್ನೂ ಜೊತೆಯಲ್ಲಿಟ್ಟು ಓದುವುದು ಹಿತಕರ.

ಮೊದಲನೆಯವನು ಲುಬ್ಧಕಶ್ರೇಷ್ಠಿ. ಆರಾಧನಾ ಕಥಾಕೋಶದಲ್ಲಿ ಇವನ ವೃತ್ತಾಂತ ಬರುತ್ತದೆ. ಅಭಯವಾಹನನೆಂಬ ಅರಸನು ಚಂಪಾಪುರವನ್ನು ಆಳುತ್ತಿದ್ದನು; ಅವನ ರಾಣಿ ಪುಂಡರೀಕೆ. ಒಮ್ಮೆ ಏಳು ದಿನ ಎಡೆಬಿಡದೆ ಮಳೆ ಹಿಡಿಯಿತು. ಹೊಳೆ ತುಂಬಿ ದಡ ಮೀರಿ ಹರಿಯುತ್ತಿತ್ತು. ಮನೆಯಿಂದ ನಾಯಿಯೂ ಹೊರಗೆ ಬಾರದ ಆ ಹೊತ್ತಿನಲ್ಲಿ ಒಬ್ಬ ಮನುಷ್ಯನು ಪ್ರವಾಹಕ್ಕಿಳಿದು, ತೇಲಿಬಂದ ಕಟ್ಟಿಗೆಗಳನ್ನು ಎಳೆದು ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತುಕೊಂಡು ಬರುತ್ತಿದ್ದುದನ್ನು ರಾಣಿಯು ಅರಮನೆಯ ಮೇಲಿನಿಂದ ಕಂಡಳು. ತನ್ನ ರಾಜ್ಯದಲ್ಲಿ ಇಂತಹ ಬಡವನೂ ಇರುವನೇ ಎಂದು ಅವಳ ಮನಸ್ಸು ಕರಗಿತು. ಅರಸನು ಅವನನ್ನು ಕರೆಯಿಸಿ, ಭಂಡಾರದಿಂದ ಬೇಕಾದುದನ್ನು ಪಡೆದುಕೊಳ್ಳೆಂದನು. ಅವನು ತನಗೆ ಬೇರೇನೂ ಬೇಡ, ಒಂದು ಎತ್ತು ಮಾತ್ರ ಬೇಕೆಂದನು. ಅರಮನೆಯ ಎತ್ತುಗಳನ್ನೆಲ್ಲ ತೋರಿಸಿದರೂ, ತನ್ನಲ್ಲಿರುವುದಕ್ಕೆ ಜೊತೆಯಾಗುವ ಎತ್ತು ಇಲ್ಲಿ ಒಂದೂ ಇಲ್ಲವೆಂದು ತಲೆಯಾಡಿಸಿದನು. ಅಚ್ಚರಿಗೊಂಡ ಅರಸನು ಅವನ ಮನೆಗೆ ಹೋಗಿ ನೋಡಿದರೆ, ಅಲ್ಲಿದ್ದುದು ಚಿನ್ನದ ಎತ್ತು. ಕೋಡು, ಗೊರಸು, ಬಾಲಗಳಲ್ಲಿ ರತ್ನಗಳನ್ನು ಕೆತ್ತಿಸಿದ್ದ ಎತ್ತು. ಪಕ್ಕದಲ್ಲಿ ಆನೆ, ಕುದುರೆ, ಸಿಂಹ, ಜಿಂಕೆಗಳ ಜೋಡಿಗಳು, ಎಲ್ಲವೂ ಬಂಗಾರದವು. ಎತ್ತಿನ ಜೋಡಿಯೊಂದೇ ಅಪೂರ್ಣವಾಗಿತ್ತು. ಆ ಎರಡನೆಯ ಎತ್ತಿಗಾಗಿ ಶ್ರೇಷ್ಠಿಯು ನೆರೆಹೊಳೆಯಲ್ಲಿ ಕಟ್ಟಿಗೆ ಆಯುತ್ತಿದ್ದನು.

ಕಥೆಯ ಅತ್ಯಂತ ಕ್ರೂರವಾದ ಭಾಗ ಇನ್ನು ಮುಂದಿದೆ. ಮನೆಗೆ ಬಂದ ಅರಸನನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಶ್ರೇಷ್ಠಿಯ ಪತ್ನಿ ನಾಗವಸುವು ತಟ್ಟೆಯ ತುಂಬ ರತ್ನಗಳನ್ನು ತಂದು ಗಂಡನ ಕೈಗಿತ್ತಳು. ಕೊಡಬೇಕಾದ ಕ್ಷಣ ಬಂದಾಗ ಆ ಕೈಯ ಬೆರಳುಗಳು ಹಾವಿನ ಹೆಡೆಯಂತೆ ಸೆಟೆದುಕೊಂಡವು. ಅರಸನು ಅದನ್ನು ಕಂಡು ಹೇಸಿ, ಅವನಿಗೆ ಫಣಹಸ್ತನೆಂದು ಹೆಸರಿಟ್ಟು ಹೊರಟುಹೋದನು. ಶ್ರೇಷ್ಠಿಯು ಎರಡನೆಯ ಎತ್ತಿಗೆ ಬೇಕಾದ ಹಣ ಗಳಿಸಲು ಸಮುದ್ರ ದಾಟಿ ವ್ಯಾಪಾರಕ್ಕೆ ಹೋದನು. ಮರಳುವಾಗ ಹಡಗು ಮುಳುಗಿ ಸತ್ತನು. ತನ್ನದೇ ನಿಧಿಯ ಮೇಲೆ ಸರ್ಪವಾಗಿ ಹುಟ್ಟಿದನು. ಸ್ವಂತ ಮಗನ ಕೈಯಿಂದಲೇ ಹತನಾಗಿ ನರಕಕ್ಕಿಳಿದನು.

ಇವನು ಕಳ್ಳನಲ್ಲ, ಜೂಜುಗಾರನಲ್ಲ, ಮದ್ಯಪಾನಿಯಲ್ಲ, ಪರಸ್ತ್ರೀಯ ಕಡೆಗೆ ಕಣ್ಣೆತ್ತಿದವನೆಂದೂ ಕಥೆಯಲ್ಲಿಲ್ಲ. ಮೈಮುರಿದು ದುಡಿದನು, ಮಳೆಯಲ್ಲಿ ನೆನೆದನು, ಹೊರೆ ಹೊತ್ತನು. ಹೊರಗಿನಿಂದ ನೋಡುವವನಿಗೆ ಇವನು ಕಾಯಕ್ಲೇಶವೆಂಬ ತಪಸ್ಸನ್ನು ಆಚರಿಸುತ್ತಿರುವಂತೆಯೇ ಕಾಣಬಹುದಾಗಿತ್ತು. ಜಿಪುಣತನಕ್ಕೆ ಇರುವ ಅನುಕೂಲವೇ ಇದು. ಮಿಕ್ಕ ದೋಷಗಳು ದೋಷಗಳಾಗಿಯೇ ಕಾಣುತ್ತವೆ; ಇದೊಂದು ಮಾತ್ರ ಸದ್ಗುಣದ ಉಡುಪನ್ನು ಧರಿಸಿ ಬಸದಿಯೊಳಗೂ ಬಂದು ಕುಳಿತುಕೊಳ್ಳುತ್ತದೆ.

ಬಾಹ್ಯತಪಸ್ಸುಗಳು ಆರು. ಅವುಗಳಲ್ಲಿ ಅನಶನದ ನಂತರ ಹೇಳಿರುವುದು ಅವಮೋದರ್ಯ, ಎಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು. ಪುರುಷನ ಪೂರ್ಣಾಹಾರಕ್ಕೆ 32 ತುತ್ತು, ಸ್ತ್ರೀಗೆ 28 ತುತ್ತು ಎಂಬ ಲೆಕ್ಕವನ್ನು ಆಚಾರ್ಯರು ಕೊಟ್ಟಿದ್ದಾರೆ. ಅದರಿಂದ ಒಂದೊಂದು ತುತ್ತು ಇಳಿಸುತ್ತ ಹೋಗಬಹುದು. ಈಗ ಇಬ್ಬರು ಪಂಕ್ತಿಯಲ್ಲಿ ಕುಳಿತಿದ್ದಾರೆನ್ನೋಣ. ಇಬ್ಬರೂ ಹದಿನಾರು ತುತ್ತಿಗೆ ಕೈ ತೊಳೆದರು. ಒಬ್ಬನು ನಾಲಗೆಯ ಬಯಕೆಯನ್ನು ಗೆಲ್ಲಬೇಕೆಂದು ಎದ್ದನು. ಮತ್ತೊಬ್ಬನು ಅಕ್ಕಿಯ ಧಾರಣೆಯನ್ನು ನೆನೆದು ಎದ್ದನು. ತುತ್ತು ಸಮಾನ. ಆದರೆ ತಪಸ್ಸೆಂದರೆ ಇಚ್ಛಾನಿರೋಧ. ಮೊದಲನೆಯವನಲ್ಲಿ ಇಚ್ಛೆಯು ಆ ಹದಿನಾರು ತುತ್ತಿನಷ್ಟು ಕರಗಿತು. ಎರಡನೆಯವನಲ್ಲಿ ಅದು ಕರಗಲಿಲ್ಲ, ಅಡುಗೆಮನೆಯಿಂದ ಪೆಟ್ಟಿಗೆಗೆ ಸ್ಥಳ ಬದಲಾಯಿಸಿತು. ಉಳಿದ ಹದಿನಾರು ತುತ್ತು ನಾಣ್ಯವಾಯಿತು, ನಾಣ್ಯವು ಎರಡನೆಯ ಎತ್ತಿನ ಕೋಡಾಗಲು ಹೊರಟಿತು. ರಾತ್ರಿಭೋಜನ ತ್ಯಾಗದಿಂದ ತಿಂಗಳಿಗೆ ಇಷ್ಟು ದೀಪದ ಎಣ್ಣೆ ಉಳಿಯಿತೆಂದು ಮನಸ್ಸಿನಲ್ಲೇ ಜಮಾ ಬರೆದುಕೊಳ್ಳುವವನೂ ಒಬ್ಬ ವ್ರತಿಯೇ! ಜೀವದಯೆಯ ಖಾತೆಯಲ್ಲಿ ಅವನು ಎಷ್ಟು ಬರೆದನೋ ಕೇವಲಿಗಳೇ ಬಲ್ಲರು.

ಲೋಭವೆಂಬ ಕಷಾಯವು ಬಿಡಿಸಿಕೊಳ್ಳಲು ಎಷ್ಟು ಕಷ್ಟವೆಂಬುದನ್ನು ಗೊಮ್ಮಟಸಾರದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ನಾಲ್ಕು ಬಣ್ಣಗಳ ಹೋಲಿಕೆಯಿಂದ ತಿಳಿಸಿದ್ದಾರೆ. ಅರಿಸಿನದ ಬಣ್ಣ ಬಿಸಿಲಿಗೆ ಹೋಗುತ್ತದೆ. ಮೈಯ ಕೊಳೆ ತಿಕ್ಕಿದರೆ ಹೋಗುತ್ತದೆ. ಗಾಲಿಯ ಕೀಲೆಣ್ಣೆಯ ಕಲೆ ಬಹಳ ಪ್ರಯಾಸದಿಂದ ಹೋಗುತ್ತದೆ. ಕೃಮಿರಾಗ, ಅಂದರೆ ಹುಳುವಿನಿಂದ ತೆಗೆದ ಕೆಂಪು ಬಣ್ಣವು ಬಟ್ಟೆ ಹರಿದರೂ ಬಿಡುವುದಿಲ್ಲ. ಈ ನಾಲ್ಕು ತರದ ಲೋಭಗಳು ಕ್ರಮವಾಗಿ ದೇವ, ಮನುಷ್ಯ, ತಿರ್ಯಂಚ, ನರಕಗತಿಗಳಿಗೆ ಕಾರಣವಾಗುತ್ತವೆ. ಗುಣಸ್ಥಾನಗಳ ಏಣಿಯಲ್ಲಿಯೂ ಕ್ರೋಧ, ಮಾನ, ಮಾಯೆಗಳು ಒಂಬತ್ತನೆಯ ಮೆಟ್ಟಿಲಲ್ಲಿ ಬಿದ್ದುಹೋದ ಮೇಲೆ, ಹತ್ತನೆಯದರಲ್ಲಿ ಉಳಿದುಕೊಂಡಿರುವುದು ಸೂಕ್ಷ್ಮಲೋಭ. ಮಹಾಮುನಿಗಳ ಬೆನ್ನನ್ನೇ ಅಷ್ಟು ದೂರ ಹಿಡಿದು ಬರುವ ವೈರಿಯು ಅಂಗಡಿಯ ಗಲ್ಲೆಯ ಮುಂದೆ ಕುಳಿತ ಗೃಹಸ್ಥನಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು?

ಇಲ್ಲಿ ಒಂದು ಆಕ್ಷೇಪವೇಳುತ್ತದೆ. ತಾನು ಉಣ್ಣದೆ, ಉಡದೆ, ತನ್ನ ದೇಹವನ್ನೇ ದಂಡಿಸಿಕೊಂಡು ಕೂಡಿಟ್ಟರೆ ಪರರಿಗೇನು ಹಾನಿ? ಇದಕ್ಕೆ ಉತ್ತರವು ಪರಿಗ್ರಹದ ಪ್ರಕರಣದಲ್ಲಿ ಮಾತ್ರವಲ್ಲದೆ ಅಹಿಂಸಾಣುವ್ರತದ ಪ್ರಕರಣದಲ್ಲಿಯೂ ಇರುವುದು ಗಮನಾರ್ಹ. ತತ್ತ್ವಾರ್ಥಸೂತ್ರದಲ್ಲಿ ಆ ವ್ರತಕ್ಕೆ ಹೇಳಿರುವ ಐದು ಅತಿಚಾರಗಳೆಂದರೆ ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಹೆಚ್ಚು ಹೊರೆ ಹೇರುವುದು. ಈ ಸಾಲಿನಲ್ಲಿಯೇ ತನ್ನನ್ನು ಆಶ್ರಯಿಸಿದ ಜೀವಿಗಳಿಗೆ ಅನ್ನಪಾನಗಳನ್ನು ತಡೆಯುವುದನ್ನೂ ಸೇರಿಸಲಾಗಿದೆ. ಆಳಿಗೆ ಅರೆಹೊಟ್ಟೆ, ಹಸುವಿಗೆ ಒಣಹುಲ್ಲು, ಬಾಣಂತಿಗೆ ತುಪ್ಪವಿಲ್ಲದ ಅನ್ನ ಹಾಕಿದ ಯಜಮಾನನು ಮಿತವ್ಯಯ ಮಾಡಿದೆನೆಂದು ತಿಳಿಯುತ್ತಾನೆ. ಅವನು ಕೋಲೆತ್ತಿ ಹೊಡೆದವನ ಪಂಕ್ತಿಯಲ್ಲಿ ಕುಳಿತಿರುವನೆಂದು ಸೂತ್ರಕಾರರು ತಿಳಿದಿದ್ದರು. ವ್ರತಧಾರಿಯು ತನ್ನ ತಟ್ಟೆಗೆ ಎಷ್ಟು ಬೇಕಾದರೂ ಗೆರೆ ಎಳೆದುಕೊಳ್ಳಲಿ. ಆ ಗೆರೆಯನ್ನು ಹೆಂಡತಿಯ ತಟ್ಟೆಯ ಮೇಲೂ ಎಳೆಯುವ ಅಧಿಕಾರವನ್ನು ಯಾವ ಶ್ರಾವಕಾಚಾರವೂ ಅವನಿಗೆ ಕೊಟ್ಟಿಲ್ಲ. ಪರರ ದಾನ, ಲಾಭ, ಭೋಗ, ಉಪಭೋಗ, ವೀರ್ಯಗಳಿಗೆ ವಿಘ್ನ ಮಾಡುವುದರಿಂದ ಅಂತರಾಯಕರ್ಮದ ಆಸ್ರವವಾಗುತ್ತದೆಂಬುದು ಬಾಲಬೋಧೆ ಓದಿದ ಮಕ್ಕಳಿಗೂ ಗೊತ್ತು. ಕೂಡಿಟ್ಟ ಹಣವಿದ್ದೂ ಕೊಡಲು ಕೈಬಾರದವನು, ಬಡಿಸಿದ ಅನ್ನವಿದ್ದೂ ಉಣ್ಣಲು ಮನಬಾರದವನು ಆ ಕರ್ಮದ ಉದಯವನ್ನು ಈಗಾಗಲೇ ಅನುಭವಿಸುತ್ತಿರುತ್ತಾನೆ, ಹೊಸದನ್ನೂ ಕಟ್ಟಿಕೊಳ್ಳುತ್ತಿರುತ್ತಾನೆ.

ಬೆಳಗಾವಿ ಸೀಮೆಯ ಒಂದು ಊರಿನ ಮನೆಯನ್ನು ಇಲ್ಲಿ ನೆನೆಯಬಹುದು. ಅಂತಹ ಮನೆಗಳು ಎಲ್ಲ ಕಡೆಯೂ ಇರುವುದರಿಂದ ಊರಿನ ಹೆಸರು ಬೇಕಾಗಿಲ್ಲ. ಯಜಮಾನರದು ಬಟ್ಟೆಯ ವ್ಯಾಪಾರ. ಮೂವತ್ತು ವರ್ಷಗಳಿಂದ ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ತಪ್ಪಿದವರಲ್ಲ. ಎರಡು ಪಂಚೆ, ಎರಡು ಅಂಗಿಯ ನಿಯಮ. ಊರಿನವರು ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಅವರ ಪತ್ನಿಯ ಕಣ್ಣಿಗೆ ಪೊರೆ ಬಂದಿತು. ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ಹೇಳಿ ಮೂರು ವರ್ಷವಾಯಿತು. ಯಾರಾದರೂ ಉಚಿತ ಶಿಬಿರ ನಡೆಸಿದಾಗ ಮಾಡಿಸೋಣವೆಂದು ಯಜಮಾನರು ಹೇಳುತ್ತಿದ್ದರು. ಶಿಬಿರ ಬಂದಾಗ ದೀಪಾವಳಿಯ ವ್ಯಾಪಾರವಿತ್ತು; ಮರುವರ್ಷದ ಶಿಬಿರ ಬಂದಾಗ ಮತ್ತೇನೋ ಇತ್ತು. ಬಡವರಿಗೆಂದು ಹಾಕಿದ ಪಂಕ್ತಿಯಲ್ಲಿ ಉಳ್ಳವರು ಕುಳಿತರೆ ಒಬ್ಬ ಬಡವನ ಎಲೆ ಕಡಿಮೆಯಾಗುತ್ತದೆಂಬುದು ಅವರಿಗೆ ಹೊಳೆಯಲಿಲ್ಲ. ಆ ತಾಯಿಯು ಸ್ವಾಧ್ಯಾಯಕ್ಕೆ ಹೋಗುವುದನ್ನು ಬಿಟ್ಟರು, ಅಕ್ಷರ ಕಾಣುತ್ತಿರಲಿಲ್ಲ. ಬಸದಿಯ ಮೆಟ್ಟಿಲನ್ನು ಕಾಲಿನಿಂದ ತಡವಿ ಏರುತ್ತಿದ್ದರು. ಆದರೆ ಅಡುಗೆ ಬಿಡಲಿಲ್ಲ.

ಒಂದು ಚತುರ್ದಶಿಯ ಉಪವಾಸದ ಮರುದಿನ ಪಾರಣೆಗೆ ಕುಳಿತಾಗ ಹೆಸರುಬೇಳೆಯಲ್ಲಿ ಹುಳು ಕಾಣಿಸಿತು. ಯಜಮಾನರು ಎಲೆ ಬಿಟ್ಟೆದ್ದರು. ಧಾನ್ಯ ಶೋಧಿಸದೆ ಬೇಯಿಸಿದರೆ ಎಷ್ಟು ತ್ರಸಜೀವಗಳ ಹಿಂಸೆಯೆಂಬುದು ಈ ವಯಸ್ಸಿನಲ್ಲಿಯೂ ತಿಳಿಯದೇ ಎಂದು ಗದರಿದರು. ಆಕೆ, “ಕಂಡಿದ್ದರೆ ತೆಗೆಯುತ್ತಿದ್ದೆನಲ್ಲವೇ?” ಎಂದಷ್ಟೇ ಹೇಳಿ ಒಲೆಯ ಕಡೆಗೆ ತಿರುಗಿದರು.

ಆ ಮನೆಯ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಚಂಪಾಪುರದ ಎರಡನೆಯ ವರ್ತಕನ ಕಡೆಗೆ ಬರಬಹುದು. ಏಕೆಂದರೆ ಆ ಮನೆಯಲ್ಲಿ ಒಬ್ಬ ಮಗನೂ ಇದ್ದನು.

ಜಿನಸೇನಾಚಾರ್ಯರ ಹರಿವಂಶಪುರಾಣದಲ್ಲಿ ಬರುವ ಚಾರುದತ್ತನು ಭಾನುದತ್ತ ಶ್ರೇಷ್ಠಿಯ ಒಬ್ಬನೇ ಮಗ. ಶಾಸ್ತ್ರವ್ಯಸನಿ, ಮದುವೆಯಾದರೂ ಪುಸ್ತಕ ಬಿಟ್ಟು ತಲೆಯೆತ್ತಿದವನಲ್ಲ. ಇವನಿಗೆ ಸಂಸಾರದ ರುಚಿ ಹತ್ತಲೆಂದು ಮನೆಯವರೇ ಉಪಾಯ ಹೂಡಿದರು. ರುದ್ರದತ್ತನೆಂಬ ಬಂಧುವು ಅವನನ್ನು ಗಣಿಕೆಯ ಮನೆಗೆ ಕರೆದೊಯ್ದನು. ಮಗ ಒಂದಿಷ್ಟು ಸುಖಪಡಲಿ ಎಂಬ ಆ ಹಾರೈಕೆಯ ಬೆಲೆ ಹನ್ನೆರಡು ವರ್ಷ ಮತ್ತು ಮನೆಯ ಸಮಸ್ತ ಧನ. ಕೋಟಿಗಳು ಹೋದವು. ತಂದೆ ದೀಕ್ಷೆ ವಹಿಸಿ ಹೊರಟುಹೋದುದು ಕೂಡ ಅವನಿಗೆ ತಿಳಿಯಲಿಲ್ಲ. ಕೊನೆಗೆ ಮನೆಯಿಂದ ಹಣದ ಬದಲು ಪತ್ನಿ ಮಿತ್ರವತಿಯ ಆಭರಣಗಳು ಬಂದಾಗ, ಗಣಿಕೆಯ ತಾಯಿ ಕಲಿಂಗಸೇನೆಯು ಇನ್ನು ಇಲ್ಲಿ ಹಿಂಡುವುದಕ್ಕೆ ಏನೂ ಉಳಿದಿಲ್ಲವೆಂದರಿತು ಅವನನ್ನು ಹೊರಗೆ ನೂಕಿಸಿದಳು.

ಇವನ ಕೈಯು ಲುಬ್ಧಕನ ಕೈಯಂತೆ ಸೆಟೆದುಕೊಳ್ಳಲಿಲ್ಲ, ಸದಾ ತೆರೆದೇ ಇತ್ತು. ಆದರೂ ಆ ತೆರೆದ ಕೈಯಿಂದ ತಾಯಿಗೆ ಒಂದು ಹಿಡಿ ಅನ್ನ ಬೀಳಲಿಲ್ಲ. ಭೋಗಿಯನ್ನು ಉದಾರಿಯೆಂದು ಕರೆಯುವ ವಾಡಿಕೆ ಲೋಕದಲ್ಲಿದೆ, ಅದು ಸರಿಯಲ್ಲ. ಹತ್ತು ಜನರ ಮುಂದೆ ಹಣ ಚೆಲ್ಲುವವನ ಮನೆಗೆ ಹೋಗಿ ಅವನ ಆಶ್ರಿತರನ್ನು ಕೇಳಿದರೆ ನಿಜ ತಿಳಿಯುತ್ತದೆ. ಪರಿಗ್ರಹವೆಂದರೆ ಮೂರ್ಛೆ, ಅಂದರೆ ಇದು ನನ್ನದೆಂಬ ಮಮತೆ, ಎಂಬ ಸೂತ್ರಕಾರರ ನಿರ್ಣಯದಲ್ಲಿ ಲುಬ್ಧಕನೂ ಚಾರುದತ್ತನೂ ಒಟ್ಟಿಗೇ ಸಿಕ್ಕಿಬೀಳುತ್ತಾರೆ. ಒಬ್ಬನಿಗೆ ಹಣದಲ್ಲಿ ಮೂರ್ಛೆ, ಇನ್ನೊಬ್ಬನಿಗೆ ಹಣದಿಂದ ಕೊಂಡ ಸುಖದಲ್ಲಿ ಮೂರ್ಛೆ. ಎಚ್ಚರ ತಪ್ಪಿದವನು ಬಲಮಗ್ಗುಲಿಗೆ ಬಿದ್ದರೇನು, ಎಡಮಗ್ಗುಲಿಗೆ ಬಿದ್ದರೇನು? ಒಂದು ಭೇದವನ್ನು ಮಾತ್ರ ಹೇಳಬೇಕು. ಚಾರುದತ್ತನು ಎಲ್ಲವನ್ನೂ ಕಳೆದುಕೊಂಡು ಬೀದಿಗೆ ಬಿದ್ದುದರಿಂದ ಕಣ್ಣು ತೆರೆದನು. ಮುಂದೆ ವ್ಯಾಪಾರಯಾತ್ರೆಯ ಸಂಕಟಗಳಲ್ಲಿ, ಸಾಯುತ್ತಿದ್ದ ಮೇಕೆಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿ ಅದಕ್ಕೆ ದೇವಗತಿಯನ್ನು ಕೊಡಿಸುವಷ್ಟು ಬೆಳೆದನು. ಲುಬ್ಧಕನಿಗೆ ಆ ಭಾಗ್ಯವಿರಲಿಲ್ಲ. ಜಿಪುಣನು ಸೋಲುವುದೇ ಇಲ್ಲ. ಪ್ರತಿದಿನವೂ ಅವನ ಗಂಟು ಬೆಳೆಯುತ್ತದೆ. ಹಾಗಾಗಿ ಅವನಿಗೆ ಎಚ್ಚರವಾಗುವ ಸಂದರ್ಭವೇ ಬರುವುದಿಲ್ಲ. ಇದನ್ನು ಕೇಳಿ ಭೋಗಿಗಳು ಹಿಗ್ಗಬಾರದು. ಚಾರುದತ್ತನಂತೆ ಕೆಟ್ಟವರು ಅಸಂಖ್ಯರು, ಅವನಂತೆ ಎದ್ದವರು ಬೆರಳೆಣಿಕೆಯವರು.

ಭೋಗದ ಪರವಾಗಿ ಮಾತನಾಡುವವರು ಭರತಚಕ್ರವರ್ತಿಯನ್ನು ಸಾಕ್ಷಿಗೆ ಕರೆಯುವುದುಂಟು. ರತ್ನಾಕರವರ್ಣಿಯ ಭರತೇಶವೈಭವವು ಕನ್ನಡ ಜೈನರ ಮನೆಮನೆಯ ಗ್ರಂಥ. ಭೋಗದ ನಡುವೆ ಯೋಗಿಯಾಗಿದ್ದ ಅರಸನ ಚಿತ್ರ ಅದರಲ್ಲಿದೆ. ಆದರೆ ಭರತೇಶನ ಹೆಸರು ಹೇಳಿ ಹೋಳಿಗೆ ತಿನ್ನುವವರು ಒಂದನ್ನು ಮರೆಯುತ್ತಾರೆ. ಆತನು ದೀಕ್ಷೆ ವಹಿಸಿದ ಅಂತರ್ಮುಹೂರ್ತದೊಳಗೆ ಕೇವಲಜ್ಞಾನ ಪಡೆದನು. ಷಟ್ಖಂಡವನ್ನು ಬಿಡಲು ಆತನಿಗೆ ಅಷ್ಟು ಹೊತ್ತೂ ಹಿಡಿಯಲಿಲ್ಲ. ಮಧ್ಯಾಹ್ನದ ಚಹಾ ಒಂದು ಗಳಿಗೆ ತಡವಾದರೆ ಮನೆಯನ್ನು ತಲೆಯ ಮೇಲೆ ಹೊರುವವನು ತನ್ನನ್ನು ಆತನಿಗೆ ಹೋಲಿಸಿಕೊಳ್ಳದಿರುವುದು ಲೇಸು.

ಗೃಹಸ್ಥನಿಗೆ ಹಣವೇ ಬೇಡವೆಂದು ಜಿನಧರ್ಮವು ಹೇಳಿಲ್ಲ. ಆ ಮಾತು ಮುನಿಗಳಿಗೆ. ಹತ್ತನೆಯ ಶತಮಾನದ ಸೋಮದೇವಸೂರಿಗಳು ದಿಗಂಬರ ಮುನಿಗಳಾಗಿದ್ದೂ ನೀತಿವಾಕ್ಯಾಮೃತದಲ್ಲಿ ಅರ್ಥಪುರುಷಾರ್ಥಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾರೆ. ಸಂಪತ್ತು ನಿಲ್ಲದ ಮೂವರು ಮನುಷ್ಯರನ್ನು ಅವರು ಅಲ್ಲಿ ಗುರುತಿಸುತ್ತಾರೆ. ಬಂದುದನ್ನು ಹಿಂದುಮುಂದು ನೋಡದೆ ಅಂದಂದೇ ಖರ್ಚು ಮಾಡುವವನು ತಾದಾತ್ವಿಕ. ಹಿರಿಯರು ಗಳಿಸಿಟ್ಟುದನ್ನು ಕುಳಿತು ತಿನ್ನುವವನು ಮೂಲಹರ. ತನ್ನನ್ನೂ ತನ್ನ ಆಶ್ರಿತರನ್ನೂ ಪೀಡಿಸಿ ಕೂಡಿಡುವವನು ಕದರ್ಯ. ಮೊದಲಿನ ಇಬ್ಬರಿಗೂ ಮುಂದೆ ಕ್ಷೇಮವಿಲ್ಲ. ಮೂರನೆಯವನು ಕೂಡಿಟ್ಟುದು ಅರಸನಿಗೋ ದಾಯಾದಿಗೋ ಕಳ್ಳನಿಗೋ ಸಲ್ಲುತ್ತದೆ. ಜಿಪುಣನನ್ನೂ ದುಂದುಗಾರನನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದ ಈ ಆಚಾರ್ಯರ ನೋಟ ಎಷ್ಟು ನಿಷ್ಪಕ್ಷಪಾತವಾದುದು! ಕದರ್ಯನ ಲಕ್ಷಣದಲ್ಲಿ ಆಶ್ರಿತರನ್ನು ಪೀಡಿಸುವುದನ್ನು ಅವರು ಬಿಡದೆ ಹೇಳಿದ್ದಾರೆಂಬುದನ್ನೂ ನೋಡಬೇಕು.

ಹಾಗಾದರೆ ವ್ರತಿಯ ಮಾರ್ಗವಾವುದು? ಪರಿಮಾಣ. ಒಮ್ಮೆ ಬಳಸಿದರೆ ಮುಗಿಯುವ ಅನ್ನ, ಗಂಧ, ಪುಷ್ಪಗಳು ಭೋಗ. ಮತ್ತೆ ಮತ್ತೆ ಬಳಸುವ ವಸ್ತ್ರ, ಆಭರಣ, ಮನೆ, ವಾಹನಗಳು ಉಪಭೋಗ. ಇವೆರಡಕ್ಕೂ ಎಲ್ಲೆ ಹಾಕಿಕೊಳ್ಳುವ ಕ್ರಮವನ್ನು ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಅತ್ಯಂತ ವ್ಯಾವಹಾರಿಕವಾಗಿ ಕೊಟ್ಟಿದ್ದಾರೆ. ಊಟ, ವಾಹನ, ಹಾಸಿಗೆ, ಸ್ನಾನ, ಅಂಗಲೇಪ, ಹೂವು, ತಾಂಬೂಲ, ಉಡುಗೆ, ಒಡವೆ, ಕಾಮಭೋಗ, ಸಂಗೀತ, ಗೀತ ಎಂಬ ಹನ್ನೆರಡನ್ನು ಹೆಸರಿಸಿ, ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಹೀಗೆ ಕಾಲವನ್ನು ಗೊತ್ತುಮಾಡಿ ನಿಯಮ ಹಿಡಿಯಬಹುದೆಂದಿದ್ದಾರೆ. ಕಾಲಮಿತಿಯುಳ್ಳದ್ದು ನಿಯಮ, ಆಜೀವವಾದುದು ಯಮ. ಇಂದು ಅಂಗೈಯೊಳಗಿನ ದೂರವಾಣಿಯ ಮೇಲೆ ಬೆರಳಿಟ್ಟರೆ ಸರಕು ಬಾಗಿಲಿಗೆ ಬರುತ್ತದೆ, ಹಣವನ್ನು ಕಂತಿನಲ್ಲಿ ಕೊಟ್ಟರೆ ಸಾಕು. ಬೇಕೋ ಬೇಡವೋ ಎಂದು ಯೋಚಿಸಲು ಅಂಗಡಿಗೆ ನಡೆದುಹೋಗುವಷ್ಟು ಅವಕಾಶವೂ ಉಳಿದಿಲ್ಲ. ಪಕ್ಷಕ್ಕೋ ಮಾಸಕ್ಕೋ ಹಿಡಿಯುವ ಆ ಸಣ್ಣ ನಿಯಮದ ಬೆಲೆ ಈಗಲೇ ಹೆಚ್ಚು ತಿಳಿಯುತ್ತದೆ. ಅಗತ್ಯಕ್ಕಿಂತ ಹೆಚ್ಚು ಭೋಗಸಾಮಗ್ರಿಯನ್ನು ಕೂಡಿಹಾಕುವುದನ್ನು ಅನರ್ಥದಂಡ ವಿರತಿಯ ಅತಿಚಾರವೆಂದು ಬೇರೆ ಹೇಳಿಯೇ ಇದೆ.

ಆದರೆ ಎಲ್ಲೆ ಹಾಕಿಕೊಂಡ ಮಾತ್ರಕ್ಕೆ ವ್ರತ ಮುಗಿಯಲಿಲ್ಲ. ಎಲ್ಲೆಯ ಈಚೆಗೆ ಉಳಿದುದು ಏನಾಯಿತು? ಪರಿಗ್ರಹ ಪರಿಮಾಣಕ್ಕೆ ಸಮಂತಭದ್ರರು ಹೇಳಿದ ಐದು ಅತಿಚಾರಗಳಲ್ಲಿ ಅತಿಸಂಗ್ರಹವೂ ಅತಿಲೋಭವೂ ಇವೆ. ಪರರ ಲಾಭ ಕಂಡು ಒಳಗೊಳಗೇ ಮರುಗುವ ಅತಿವಿಸ್ಮಯವೂ ಇದೆ. ವ್ರತದಿಂದ ಉಳಿದ ಹಣವು ದಾನಕ್ಕೆ ಹರಿಯದೆ ಪೆಟ್ಟಿಗೆಯಲ್ಲಿಯೇ ತಂಗಿದರೆ, ಆ ವ್ರತವೇ ಲೋಭಕ್ಕೆ ಗೊಬ್ಬರವಾಗುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣದ ಮಗ್ಗುಲಲ್ಲಿಯೇ ಬರುವುದು ಆಕಸ್ಮಿಕವಲ್ಲ. ದಾತೃವಿನ ಏಳು ಗುಣಗಳಲ್ಲಿ ಅಲುಬ್ಧತೆಯೂ ಒಂದು.

ಈ ಮಾರ್ಗವನ್ನು ನಡೆದು ತೋರಿಸಿದವರು ಕನ್ನಡನಾಡಿನಲ್ಲಿ ಬೇಕೆಂದರೆ ಅತ್ತಿಮಬ್ಬೆಯನ್ನು ನೋಡಬೇಕು. ಪತಿ ನಾಗದೇವನನ್ನು ಕಳೆದುಕೊಂಡ ಮೇಲೆ ಆಕೆ ವ್ರತೋಪವಾಸಗಳಿಂದ ತನ್ನ ದೇಹವನ್ನು ಕೃಶಗೊಳಿಸಿಕೊಂಡಳು. ತನ್ನ ಮೈಗೆ ಸಂಬಂಧಿಸಿದಷ್ಟಕ್ಕೆ ಆಕೆಗಿಂತ ಬಿಗಿಯಾದ ಕೈ ಇರಲಿಲ್ಲ. ಅದೇ ಕೈಯಿಂದ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು; 1500 ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳು; ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು; ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಅಲ್ಲಿಯ 1007ರ ಶಾಸನ ಇಂದಿಗೂ ಸಾಕ್ಷಿಯಾಗಿ ನಿಂತಿದೆ. ಪ್ರತಿಯೊಂದು ಓಲೆಯನ್ನೂ ಕಂಟದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಲಿಪಿಕಾರರ ಮನೆಗಳಲ್ಲಿ ಒಲೆ ಉರಿದಿರಬೇಕು! ದಾನಚಿಂತಾಮಣಿ ಎಂಬ ಹೆಸರು ಆಕೆಗೆ ಸುಮ್ಮನೆ ಬರಲಿಲ್ಲ.

ಇಷ್ಟು ಹೇಳಿದುದರಿಂದ ಧರ್ಮದ ಹೆಸರಿನಲ್ಲಿ ಎಷ್ಟು ಹೆಚ್ಚು ಚೆಲ್ಲಿದರೆ ಅಷ್ಟು ಪುಣ್ಯವೆಂದು ತಿಳಿಯಬಾರದು. ಆ ಭ್ರಮೆಯು ವಿಶೇಷವಾಗಿ ಉದ್ಯಾಪನೆಗಳಲ್ಲಿ ಕಾಣುತ್ತದೆ. ಅನಂತನೋಂಪಿಯನ್ನು ವರ್ಷಗಟ್ಟಲೆ ಭಕ್ತಿಯಿಂದ ನೋಂತವಳು ಉದ್ಯಾಪನೆಯ ಖರ್ಚಿಗೆ ಹೆದರಿ ಸಾಲಕ್ಕೆ ಕೈಚಾಚುತ್ತಾಳೆ. ಪಕ್ಕದ ಮನೆಯವರು ಐನೂರು ಎಲೆ ಹಾಕಿಸಿದ್ದರೆಂಬುದು ಆಕೆಯ ಉಪವಾಸಕ್ಕಿಂತ ಭಾರವಾಗುತ್ತದೆ. ವ್ರತಕಥೆಗಳಲ್ಲಿ ಇದಕ್ಕೆ ಎಷ್ಟು ಸರಳವಾದ ಪರಿಹಾರವಿದೆ! ಉದ್ಯಾಪನೆಗೆ ಶಕ್ತಿಯಿಲ್ಲದವರು ಆ ವ್ರತವನ್ನೇ ಎರಡರಷ್ಟು ಕಾಲ ಆಚರಿಸಬೇಕೆಂದು ಹೇಳಿದೆ. ಹಣದ ಬದಲಿಗೆ ಉಪವಾಸ ಸಲ್ಲುತ್ತದೆ. ಉಪವಾಸದ ಬದಲಿಗೆ ಹಣ ಸಲ್ಲುತ್ತದೆಂದು ಮಾತ್ರ ಎಲ್ಲಿಯೂ ಹೇಳಿಲ್ಲ. ಶ್ರವಣಬೆಳ್ಗೊಳದಲ್ಲಿ ಗೊಮ್ಮಟಸ್ವಾಮಿಯ ಎದುರಿಗೆ ಗುಳ್ಳಕಾಯಜ್ಜಿಯ ಮೂರ್ತಿ ನಿಂತಿರುವುದನ್ನು ಯಾತ್ರಿಕರೆಲ್ಲ ನೋಡುತ್ತಾರೆ. ಚಾವುಂಡರಾಯನ ಕೊಡಕೊಡ ಹಾಲು 58 ಅಡಿಯ ಮೂರ್ತಿಯ ಪಾದಕ್ಕಿಳಿಯದಾಗ ಒಂದು ಗುಳ್ಳಕಾಯಿಯಷ್ಟು ಹಾಲು ಇಳಿಯಿತೆಂಬ ಐತಿಹ್ಯವನ್ನು ಪುನಃ ವಿವರಿಸಬೇಕಾಗಿಲ್ಲ.

ಬಟ್ಟೆ ವ್ಯಾಪಾರಿಯ ಮನೆಗೆ ಮರಳಬೇಕು. ಮಗನು ಬೆಂಗಳೂರಿನಲ್ಲಿದ್ದನು. ಬಾಲ್ಯದಲ್ಲೆಲ್ಲ ಒಂದು ಪೆನ್ಸಿಲಿಗೂ ತಂದೆಯ ಮುಖ ನೋಡಿ ಬೆಳೆದವನಾದುದರಿಂದ ಕೈಗೆ ಸಂಬಳ ಬಂದ ದಿನವೇ ಇನ್ನು ತನಗೆ ಯಾವುದೂ ಕಡಿಮೆಯಾಗಬಾರದೆಂದು ನಿಶ್ಚಯಿಸಿದ್ದನು. ಲುಬ್ಧಕರ ಮನೆಗಳಲ್ಲಿಯೇ ಚಾರುದತ್ತರು ಹುಟ್ಟುವುದು ಹೆಚ್ಚು. ಮನೆಗೆ ಕಂತು, ಕಾರಿಗೆ ಕಂತು, ಪ್ರವಾಸಕ್ಕೆ ಹೋಗಿಬಂದ ಮೇಲೂ ಅದಕ್ಕೆ ಕಂತು. ಬೇಳೆಯ ಸಂಗತಿಯನ್ನು ತಂಗಿಯು ಅವನಿಗೆ ತಿಳಿಸಿ, ತಾಯಿಯ ಕಣ್ಣಿಗೆ ಹಣ ಕೇಳಿದಾಗ, ಈ ತಿಂಗಳು ಆಗುವುದಿಲ್ಲ, ಮುಂದಿನ ತಿಂಗಳು ನೋಡೋಣ ಎಂದನು. ಸುಳ್ಳು ಹೇಳಲಿಲ್ಲ, ಅವನಲ್ಲಿ ನಿಜವಾಗಿಯೂ ಇರಲಿಲ್ಲ. ತಂದೆಯ ಹಣವು ಪೆಟ್ಟಿಗೆಯಿಂದ ಏಳಲಾರದು, ಮಗನ ಹಣವು ಕೈಯಲ್ಲಿ ನಿಲ್ಲಲಾರದು. ಎರಡು ಸಂಪಾದನೆಗಳ ನಡುವೆ ಒಬ್ಬ ತಾಯಿಗೆ ಒಂದು ಜೊತೆ ಕಣ್ಣು ಸಿಗಲಿಲ್ಲ.

ಆ ವರ್ಷ ಹತ್ತಿರದ ಊರಿನಲ್ಲಿ ಮುನಿಸಂಘದ ಚಾತುರ್ಮಾಸವಿತ್ತು. ಪಾರಣೆಯ ದಿನ ಆದ ದೋಷಕ್ಕೆ ಪ್ರಾಯಶ್ಚಿತ್ತ ಬೇಡಲು ಯಜಮಾನರು ಹೋದರು. ಎಷ್ಟು ಉಪವಾಸ ವಿಧಿಸಿದರೂ ಮಾಡಲು ಸಿದ್ಧರಾಗಿದ್ದರು. ಉಪವಾಸ ಅವರಿಗೆ ಕಷ್ಟವೇ ಅಲ್ಲ. ಮುನಿಗಳು ಎಲ್ಲವನ್ನೂ ಕೇಳಿ, ಧಾನ್ಯವನ್ನು ಆರಿಸಿದವರು ಯಾರೆಂದು ವಿಚಾರಿಸಿದರು. ಅವರ ದೃಷ್ಟಿ ಹೇಗಿದೆಯೆಂದು ವಿಚಾರಿಸಿದರು. ಎಷ್ಟು ಕಾಲದಿಂದ ಹಾಗಿದೆಯೆಂದೂ ವಿಚಾರಿಸಿದರು. ಯಜಮಾನರ ಉತ್ತರ ಪ್ರತಿಸಲವೂ ಚಿಕ್ಕದಾಗುತ್ತ ಹೋಯಿತು. ಮೂರು ವರ್ಷಗಳಲ್ಲಿ ಆ ಅಡುಗೆಮನೆಯಲ್ಲಿ ಕಾಣದೆ ಬೆಂದ ಜೀವಗಳ ಲೆಕ್ಕವನ್ನು ಯಾರ ಖಾತೆಗೆ ಬರೆಯಬೇಕೆಂದು ಮುನಿಗಳು ಕೇಳಿದರು. ಯಜಮಾನರು ತಲೆಯೆತ್ತಲಿಲ್ಲ. ಪ್ರಾಯಶ್ಚಿತ್ತವಾಗಿ ಉಪವಾಸವನ್ನು ವಿಧಿಸಲಿಲ್ಲ. ಔಷಧದಾನವೆಂದು ಹೇಳಿ, ಮನೆಯಿಂದ ಪ್ರಾರಂಭಿಸಲು ಅಪ್ಪಣೆಯಾಯಿತು. ಆಕೆಯ ಚಿಕಿತ್ಸೆ ಸ್ವಂತ ಹಣದಿಂದಲೇ ಆಗಬೇಕು, ಅಷ್ಟೇ ಹಣದಲ್ಲಿ ಅನ್ಯರ ಮನೆಯ ಒಬ್ಬರ ಚಿಕಿತ್ಸೆಯೂ ಆಗಬೇಕು ಎಂಬುದು ಕಟ್ಟಳೆ.

ಹಣ ಎಣಿಸುವಾಗ ಯಜಮಾನರ ಬೆರಳುಗಳು ಸ್ವಲ್ಪ ಬಿಗಿದುಕೊಂಡವಂತೆ. ಅದನ್ನು ಅವರೇ ಮುಂದೆ ಬಸದಿಯಲ್ಲಿ ನಗುತ್ತ ಹೇಳಿದ್ದುಂಟು. ಮಗನು ಮುಂದಿನ ತಿಂಗಳೂ ಹಣ ಕಳುಹಿಸಲಿಲ್ಲ, ತಾನೇ ಬಂದು ತಾಯಿಯ ಹಾಸಿಗೆಯ ಬಳಿ ನಾಲ್ಕು ದಿನ ಕುಳಿತು ಹೋದನು. ಒಂದು ಕಣ್ಣಿಗೆ ಕಾರ್ತಿಕದಲ್ಲಿ, ಇನ್ನೊಂದಕ್ಕೆ ಮಾಘದಲ್ಲಿ ಚಿಕಿತ್ಸೆಯಾಯಿತು. ವೈದ್ಯರು ಬಿಸಿಯೊಲೆಯ ಹತ್ತಿರ ಹೋಗಬಾರದೆಂದು ಹೇಳಿದ್ದ ಅವಧಿ ಮುಗಿದ ಮರುದಿನ ಆ ತಾಯಿಯು ಬಾಗಿಲ ಬೆಳಕಿಗೆ ಮೊರ ಹಿಡಿದು ಕುಳಿತು, ಡಬ್ಬಿಯಲ್ಲಿದ್ದ ಹೆಸರುಬೇಳೆಯನ್ನೆಲ್ಲ ಸುರಿದುಕೊಂಡರು. ಒಂದೊಂದೇ ಹುಳುವನ್ನು ನೋಯದಂತೆ ಎತ್ತಿ ಹಿತ್ತಿಲ ನೆರಳಿಗೆ ಬಿಟ್ಟು ಬರುತ್ತಿದ್ದರು. ಯಜಮಾನರಿಗೆ ಅಂದು ಅಷ್ಟಮಿಯ ಉಪವಾಸ. ಅಂಗಡಿಗೆ ಹೋಗದೆ ಅವರೂ ಮೊರದ ಎದುರಿಗೆ ಕುಳಿತು ಆರಿಸತೊಡಗಿದರು. ಅವರ ಕಣ್ಣಿಗೆ ಕಾಣದೆ ಉಳಿದುದನ್ನು ಆಕೆ ತೋರಿಸಿಕೊಡುತ್ತಿದ್ದರು.